ಮಗಳ ಬೆನ್ನು 28 ಡಿಗ್ರಿ ಬಾಗಿದೆ, ಈಗಲೇ ಬ್ರೇಸ್ ಹಾಕಿಸಬೇಕಾ?

ಪ್ರಶ್ನೆ: ನನ್ನ ದೊಡ್ಡ ಮಗಳಿಗೆ 12 ವರ್ಷ, ಏಳನೇ ಕ್ಲಾಸು. ಇನ್ನೂ ಮುಟ್ಟಾಗಿಲ್ಲ. ಹಬ್ಬಕ್ಕೆ ಲಂಗ ಬ್ಲೌಸ್ ಹೊಲಿಸಲು ಹೋದಾಗ ಟೈಲರ್, "ಒಂದು ಹೆಗಲು ಮೇಲಿದೆಯಲ್ಲ ಮೇಡಂ, ಎರಡು ಕಡೆ ಅಳತೆ ಬೇರೆ ಬೇರೆ ಬರ್ತಿದೆ" ಅಂದರು. ಎಕ್ಸ್‌ರೇ ತೆಗೆಸಿದೆವು. ಬೆನ್ನುಮೂಳೆ ಎದೆಯ ಮಟ್ಟದಲ್ಲಿ ಬಲಕ್ಕೆ 28 ಡಿಗ್ರಿ ಬಾಗಿದೆ, ರಿಸ್ಸರ್ ಸೊನ್ನೆ ಎಂದು ರಿಪೋರ್ಟಿನಲ್ಲಿದೆ. ಒಬ್ಬ ಡಾಕ್ಟರು ದಿನಕ್ಕೆ 18 ಗಂಟೆ ಬ್ರೇಸ್ (ಮೈಗೆ ಹಾಕುವ ಗಟ್ಟಿ ಕವಚ) ಹಾಕಬೇಕು ಅಂದರು. ಇನ್ನೊಬ್ಬರು ಒಂದು ವರ್ಷ ಕಾದು ನೋಡೋಣ ಅಂದರು. ನಮ್ಮತ್ತೆ, ಸ್ಕೂಲ್ ಬ್ಯಾಗ್ ಹೊತ್ತೇ ಹೀಗಾಗಿದ್ದು, ಮೂಳೆ ಕೂರಿಸುವವರ ಹತ್ತಿರ ಹೋದರೆ ಸರಿಹೋಗುತ್ತೆ ಅಂತಾರೆ. ಯೋಗ ಮಾಡಿಸಿ ಅನ್ನುವವರೂ ಇದ್ದಾರೆ. ಸದ್ಯಕ್ಕೆ ಆನ್‌ಲೈನಲ್ಲಿ ಒಂದು ಬೆನ್ನಿನ ಬೆಲ್ಟ್ ತರಿಸಿ ಹಾಕುತ್ತಿದ್ದೇನೆ. ಬ್ರೇಸ್ ಫೋಟೋ ನೋಡಿ ಮಗಳು ಅತ್ತುಬಿಟ್ಟಳು. ಅದನ್ನು ಹಾಕಿದರೆ ಬೆನ್ನು ನೆಟ್ಟಗಾಗುತ್ತಾ? ಭರತನಾಟ್ಯ ಬಿಡಿಸಬೇಕಾ? ಪದೇ ಪದೇ ಎಕ್ಸ್‌ರೇ ಅಪಾಯ ಅಲ್ವಾ? ಮುಂದೆ ಮದುವೆ, ಹೆರಿಗೆಗೆ ತೊಂದರೆಯಾಗುತ್ತಾ? ಎರಡನೇ ಮಗಳಿಗೆ 9 ವರ್ಷ. ಅವಳಿಗೂ ಬರುತ್ತಾ?
– ದಾವಣಗೆರೆ ಜಿಲ್ಲೆಯ ಒಬ್ಬ ತಾಯಿ

ಉತ್ತರ: ಮೊದಲು ನಿಮ್ಮ ಟೈಲರಿಗೆ ಒಂದು ಥ್ಯಾಂಕ್ಸ್ ಹೇಳಿ. ಬೆನ್ನುಮೂಳೆ ಪಕ್ಕಕ್ಕೆ ಬಾಗುವ ಈ ತೊಂದರೆಗೆ ಸ್ಕೋಲಿಯೋಸಿಸ್ ಎನ್ನುತ್ತೇವೆ. ಇದರಲ್ಲಿ ಸಾಮಾನ್ಯವಾಗಿ ನೋವಿರುವುದಿಲ್ಲ, ಹಾಗಾಗಿ ಮಕ್ಕಳು ತಾವಾಗಿ ಏನೂ ಹೇಳುವುದಿಲ್ಲ. ಈ ವಯಸ್ಸಿನ ಹುಡುಗಿಯರು ಅಮ್ಮನ ಮುಂದೆಯೂ ಬಟ್ಟೆ ಬದಲಿಸುವುದಿಲ್ಲ. ನಮ್ಮ ಹತ್ತಿರ ಬರುವ ಎಷ್ಟೋ ಮಕ್ಕಳನ್ನು ಮೊದಲು ಗುರುತಿಸಿದವರು ಟೈಲರ್‌ಗಳು, ಡ್ಯಾನ್ಸ್ ಟೀಚರ್‌ಗಳು, ಇಲ್ಲವೇ ರಜಕ್ಕೆ ಬಂದ ಅತ್ತೆ, ಚಿಕ್ಕಮ್ಮಂದಿರು. ನಿಮಗೆ 28 ಡಿಗ್ರಿಯಲ್ಲೇ ಗೊತ್ತಾಯಿತು. 50 ದಾಟಿದ ಮೇಲೆ ಬರುವವರು ನಮ್ಮಲ್ಲಿ ಬಹಳ ಜನ.

ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವು, ಆದರೆ ನಿದ್ದೆ ಕೆಡಿಸಿರುವುದು ಒಂದೇ. ಈಗಲೇ ಬ್ರೇಸೋ, ಕಾಯುವುದೋ? ಮಗಳನ್ನು ನೋಡದೆ ಕೊನೆಯ ಮಾತು ಹೇಳುವುದು ಸರಿಯಲ್ಲ. ಆದರೆ ನೀವು ಬರೆದಿರುವ ಅಂಕಿಗಳು ಸರಿಯಿದ್ದರೆ ನಾನು ಮೊದಲನೆಯ ಡಾಕ್ಟರ ಪರ. ಇದೇ 28 ಡಿಗ್ರಿ, ಮುಟ್ಟಾಗಿ ಎರಡು ವರ್ಷ ಕಳೆದ 15ರ ಹುಡುಗಿಗೆ ಇದ್ದಿದ್ದರೆ ಬ್ರೇಸ್ ಬೇಡ ಎಂದೇ ಹೇಳುತ್ತಿದ್ದೆ. ವ್ಯತ್ಯಾಸ ಬಾಗಿನಲ್ಲಿಲ್ಲ, ಇನ್ನು ಎಷ್ಟು ಬೆಳೆಯುವುದಿದೆ ಅನ್ನುವುದರಲ್ಲಿದೆ.

28 ಡಿಗ್ರಿ ಅನ್ನುವುದು ಕಾಬ್ ಕೋನ. ಬಾಗಿನ ಮೇಲ್ತುದಿಯಲ್ಲಿ ಹೆಚ್ಚು ವಾಲಿದ ಕಶೇರು (ಬೆನ್ನುಮೂಳೆಯ ಒಂದು ಬಿಡಿ ಮೂಳೆ) ಒಂದು, ಕೆಳತುದಿಯಲ್ಲಿ ಇನ್ನೊಂದು. ಎರಡಕ್ಕೂ ಗೆರೆ ಎಳೆದು ನಡುವಿನ ಕೋನ ಅಳೆಯುತ್ತೇವೆ. 10 ಡಿಗ್ರಿಗಿಂತ ಕಡಿಮೆ ಇದ್ದರೆ ಅದನ್ನು ಸ್ಕೋಲಿಯೋಸಿಸ್ ಎಂದು ಕರೆಯುವುದೇ ಇಲ್ಲ. ಅಳೆಯುವವರು ಬದಲಾದರೆ 3ರಿಂದ 5 ಡಿಗ್ರಿ ಆಚೀಚೆ ಆಗುತ್ತದೆ. ಆದ್ದರಿಂದ ಮುಂದಿನ ಸಲ 31 ಬಂತು ಎಂದು ಗಾಬರಿಯಾಗಬೇಡಿ, 26 ಬಂತು ಎಂದು ಸಿಹಿ ಹಂಚಲೂ ಬೇಡಿ. ಹಳೆಯ ಫಿಲ್ಮ್, ಹೊಸ ಫಿಲ್ಮ್ ಎರಡನ್ನೂ ಒಬ್ಬರೇ ಡಾಕ್ಟರು ಒಟ್ಟಿಗೆ ಇಟ್ಟು ಅಳೆಯಬೇಕು. ಹಾಗಾಗಿ ಬರೀ ರಿಪೋರ್ಟ್ ಇಟ್ಟುಕೊಂಡರೆ ಸಾಲದು, ಫಿಲ್ಮನ್ನೂ ಜೋಪಾನ ಮಾಡಿ.

ರಿಸ್ಸರ್ ಅನ್ನುವುದು ಸೊಂಟದ ಮೂಳೆಯ ಅಂಚಿನಲ್ಲಿ ಕಾಣುವ ಬೆಳವಣಿಗೆಯ ಗುರುತು. ಸೊನ್ನೆಯಿಂದ 5ರವರೆಗೆ ಎಣಿಸುತ್ತೇವೆ. ಸೊನ್ನೆ ಅಂದರೆ ಬೆಳೆಯುವುದು ಇನ್ನೂ ಬಹಳ ಇದೆ, 5 ಅಂದರೆ ಮುಗಿಯಿತು. ಹೆಣ್ಣುಮಕ್ಕಳು ಅತಿ ವೇಗವಾಗಿ ಉದ್ದವಾಗುವುದು ಮುಟ್ಟಾಗುವುದಕ್ಕೆ ಮುಂಚಿನ ಆರು ತಿಂಗಳು, ಒಂದು ವರ್ಷದಲ್ಲಿ. ಬಾಗು ಜಾಸ್ತಿಯಾಗುವುದೂ ಆಗಲೇ. ನಿಮ್ಮ ಮಗಳು ಈಗ ಅದೇ ಹೊಸ್ತಿಲಲ್ಲಿದ್ದಾಳೆ. 1984ರಲ್ಲಿ ಪ್ರಕಟವಾದ 700ಕ್ಕೂ ಹೆಚ್ಚು ಮಕ್ಕಳ ಒಂದು ಅಧ್ಯಯನವನ್ನು ನಾವು ಇಂದಿಗೂ ನೆಚ್ಚಿಕೊಳ್ಳುತ್ತೇವೆ. ಬಾಗು 20ರಿಂದ 29 ಡಿಗ್ರಿ, ರಿಸ್ಸರ್ ಸೊನ್ನೆ ಅಥವಾ 1 ಇದ್ದ ಮಕ್ಕಳಲ್ಲಿ ಚಿಕಿತ್ಸೆಯಿಲ್ಲದೆ ಬಾಗು ಹೆಚ್ಚಾದದ್ದು ನೂರಕ್ಕೆ 68 ಜನರಲ್ಲಿ. ಅಷ್ಟೇ ಬಾಗು ಇದ್ದು ರಿಸ್ಸರ್ 2ರಿಂದ 4 ಇದ್ದವರಲ್ಲಿ 23.

ಎರಡನೇ ಡಾಕ್ಟರು ಕಾಯೋಣ ಅಂದಿದ್ದನ್ನು ತಪ್ಪು ಎಂದು ತಳ್ಳಿಹಾಕಬೇಡಿ. 20 ಡಿಗ್ರಿಗಿಂತ ಕಡಿಮೆ ಇರುವವರಿಗೆ ನಾವೂ ಅದನ್ನೇ ಹೇಳುತ್ತೇವೆ. ಸಣ್ಣ ಬಾಗು ಇರುವ ಹೆಚ್ಚಿನ ಮಕ್ಕಳಿಗೆ ಬ್ರೇಸ್ ಬೇಕಾಗುವುದೇ ಇಲ್ಲ. ನನ್ನ ತಕರಾರು ಆ ಒಂದು ವರ್ಷದ ಬಗ್ಗೆ. ಈ ಹಂತದಲ್ಲಿ ಕಾಯುವುದೇ ಆದರೆ ನಾಲ್ಕು ತಿಂಗಳು ಕಾಯಬಹುದು, ಹೆಚ್ಚೆಂದರೆ ಆರು. ವರ್ಷ ಕಳೆದರೆ ಬ್ರೇಸ್ ಕೆಲಸ ಮಾಡುವ ಕಾಲವೇ ಮುಗಿದಿರಬಹುದು.

ಈಗ ಬ್ಯಾಗಿನ ವಿಷಯ. ಭಾರದ ಬ್ಯಾಗ್ ಹೊತ್ತರೆ ಬೆನ್ನು ನೋಯಬಹುದು, ಬಾಗು ಬರುವುದಿಲ್ಲ. ಒಂದೇ ಮಗ್ಗುಲಿಗೆ ಮಲಗುವುದು, ಸೊಟ್ಟಗೆ ಕೂತು ಓದುವುದು, ಮೊಬೈಲ್ ನೋಡುವುದು, ಹಾಲು ಕುಡಿಯದಿರುವುದು – ಇವು ಯಾವುವೂ ಕಾರಣವಲ್ಲ. ಹತ್ತು ವರ್ಷ ದಾಟಿದ ಮಕ್ಕಳಲ್ಲಿ ನಾವು ನೋಡುವ ಹೆಚ್ಚಿನ ಬಾಗುಗಳಿಗೆ ನಿಖರವಾದ ಕಾರಣ ಇನ್ನೂ ಸಿಕ್ಕಿಲ್ಲ. ವಂಶವಾಹಿಗಳ ಪಾತ್ರ ಇದೆ, ವೇಗದ ಬೆಳವಣಿಗೆಯ ಪಾತ್ರ ಇದೆ. ನೂರರಲ್ಲಿ ಎರಡು ಮೂರು ಮಕ್ಕಳಿಗೆ 10 ಡಿಗ್ರಿ ದಾಟಿದ ಬಾಗು ಇರುತ್ತದೆ. ಅಷ್ಟು ಸಣ್ಣ ಬಾಗು ಗಂಡುಮಕ್ಕಳಲ್ಲೂ ಹೆಣ್ಣುಮಕ್ಕಳಲ್ಲೂ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ಕಾಣುತ್ತದೆ. ಆದರೆ ಚಿಕಿತ್ಸೆ ಬೇಕಾಗುವಷ್ಟು ಹೆಚ್ಚುವುದು ಹೆಣ್ಣುಮಕ್ಕಳಲ್ಲೇ ಬಹಳ. ನೀವು ಏನೋ ಮಾಡಲಿಲ್ಲ, ಅದಕ್ಕೇ ಹೀಗಾಯಿತು ಅನ್ನುವ ಲೆಕ್ಕವೇ ಇಲ್ಲಿಲ್ಲ. ಅತ್ತೆಯವರಿಗೂ ಇದನ್ನು ಓದಿ ಹೇಳಿ.

ಇನ್ನೊಂದು ಗೊತ್ತಿರಲಿ. ಇದು ಪಕ್ಕಕ್ಕೆ ಮಾತ್ರ ಬಾಗುವುದಲ್ಲ. ಒದ್ದೆ ಬಟ್ಟೆ ಹಿಂಡುವಾಗ ತಿರುಚುತ್ತೇವಲ್ಲ, ಹಾಗೆ ಬೆನ್ನುಮೂಳೆ ತನ್ನ ಸುತ್ತಲೂ ತಿರುಗಿಕೊಂಡಿರುತ್ತದೆ. ಜೊತೆಗೆ ಪಕ್ಕೆಲುಬುಗಳೂ ತಿರುಗುತ್ತವೆ. ಅದಕ್ಕೇ ಮುಂದೆ ಬಗ್ಗಿದಾಗ ಒಂದು ಕಡೆ ಬೆನ್ನು ಉಬ್ಬಿ ಕಾಣುವುದು. ಮೂಳೆ ಕೂರಿಸುವವರು ಒತ್ತಿ, ಎಳೆದು, ಲಟಕ್ ಎನಿಸಿ ಇದನ್ನು ಸರಿ ಮಾಡಲಾರರು, ಏಕೆಂದರೆ ಇಲ್ಲಿ ಜಾಗ ತಪ್ಪಿದ ಮೂಳೆ ಯಾವುದೂ ಇಲ್ಲ. ಬೆಳೆಯುವ ಮಗುವಿನ ಕತ್ತು, ಬೆನ್ನನ್ನು ಹಾಗೆ ತಿರುವುವುದು ಅಪಾಯವೂ ಹೌದು.

ಬಲಕ್ಕೆ ಬಾಗಿದೆ ಎಂದು ಬರೆದಿದ್ದೀರಿ. ಎದೆಯ ಮಟ್ಟದ ಬಾಗು ಬಲಕ್ಕಿರುವುದೇ ಸಾಮಾನ್ಯ. ಎಡಕ್ಕಿದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವಷ್ಟು ನೋವಿದ್ದರೆ, ಕಾಲಲ್ಲಿ ಶಕ್ತಿ ಕಡಿಮೆಯಾದರೆ, ಮೂತ್ರದ ಹಿಡಿತ ತಪ್ಪಿದರೆ ಅಥವಾ ಬಾಗು ತೀರಾ ಬೇಗ ಹೆಚ್ಚಿದರೆ ಎಂಆರ್‌ಐ ಮಾಡಿಸಿ, ಬೆನ್ನುಹುರಿಯಲ್ಲಿ ಬೇರೆ ಏನಾದರೂ ಇದೆಯಾ ಎಂದು ನೋಡಬೇಕು. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಕಾಣಲಿಲ್ಲ.

ಬ್ರೇಸ್ ಹಾಕಿದರೆ ಬೆನ್ನು ನೆಟ್ಟಗಾಗುತ್ತಾ? ಇಲ್ಲ ಎಂದು ತಿಳಿದುಕೊಂಡೇ ಶುರುಮಾಡಿ. ಬ್ರೇಸಿನ ಕೆಲಸ ಬಾಗನ್ನು ತೆಗೆಯುವುದಲ್ಲ, ಬೆಳವಣಿಗೆ ನಿಲ್ಲುವವರೆಗೆ ಅದು ಹೆಚ್ಚದಂತೆ ಹಿಡಿದಿಡುವುದು. 28ರಲ್ಲಿ ಶುರುವಾಗಿ, 16ರ ವಯಸ್ಸಿನಲ್ಲಿ 28ರಲ್ಲೇ ನಿಂತರೆ ಅದು ಪೂರ್ತಿ ಗೆಲುವು. ಕೆಲವರಲ್ಲಿ ಸ್ವಲ್ಪ ಕಡಿಮೆಯೂ ಆಗುತ್ತದೆ, ಆದರೆ ಅದನ್ನು ನಂಬಿಕೊಂಡು ಕೂರಬೇಡಿ. ಮೂರು ವರ್ಷ ಬ್ರೇಸ್ ಹಾಕಿಸಿ, "ಏನೂ ಆಗಲೇ ಇಲ್ಲ ಡಾಕ್ಟ್ರೇ, ಹಾಗೇ ಇದೆ" ಎಂದು ಬೇಸರ ಮಾಡಿಕೊಳ್ಳುವ ಪೋಷಕರಿದ್ದಾರೆ. ಹಾಗೇ ಇರಲಿ ಅಂತಲೇ ಹಾಕಿಸಿದ್ದು.

ಬ್ರೇಸ್ ನಿಜಕ್ಕೂ ಕೆಲಸ ಮಾಡುತ್ತದಾ ಎಂದು ನಮ್ಮಲ್ಲೇ ಬಹಳ ಕಾಲ ಜಗಳವಿತ್ತು. ಅದು ಹೆಚ್ಚು ಕಡಿಮೆ ತೀರ್ಮಾನವಾದದ್ದು 2013ರಲ್ಲಿ. ಅಮೆರಿಕ ಮತ್ತು ಕೆನಡಾದ 25 ಕೇಂದ್ರಗಳಲ್ಲಿ, 10ರಿಂದ 15 ವರ್ಷದ, 20ರಿಂದ 40 ಡಿಗ್ರಿ ಬಾಗಿದ್ದ 242 ಮಕ್ಕಳ ಅಧ್ಯಯನ ಅದು. ಬಾಗು 50 ಡಿಗ್ರಿ ಮುಟ್ಟದೆ ಬೆಳವಣಿಗೆ ಮುಗಿಸಿದವರು ಬ್ರೇಸ್ ಹಾಕಿದವರಲ್ಲಿ ನೂರಕ್ಕೆ 72, ಹಾಕದೆ ಬರೀ ನಿಗಾ ಇಟ್ಟವರಲ್ಲಿ 48. ಪ್ರಯೋಜನ ಸ್ಪಷ್ಟವಾಗಿದ್ದರಿಂದ ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಿದರು. ಈ ಅಂಕಿಗಳನ್ನು ಎರಡೂ ಕಡೆಯಿಂದ ಓದಬೇಕು. ಬ್ರೇಸ್ ಇಲ್ಲದೆಯೂ ಹತ್ತಿರ ಹತ್ತಿರ ಅರ್ಧ ಮಕ್ಕಳು ಪಾರಾದರು. ಬ್ರೇಸ್ ಹಾಕಿಯೂ ಕಾಲು ಭಾಗಕ್ಕಿಂತ ಜಾಸ್ತಿ ಮಕ್ಕಳ ಬಾಗು 50 ಮುಟ್ಟಿತು. ಯಾವ ಮಗು ಯಾವ ಗುಂಪಿಗೆ ಸೇರುತ್ತದೆ ಎಂದು ಮೊದಲೇ ಹೇಳುವುದು ಕಷ್ಟ.

ಅದೇ ಅಧ್ಯಯನದಲ್ಲಿ ಬ್ರೇಸ್ ಒಳಗೆ ಮೈ ಬಿಸಿ ಗುರುತಿಸುವ ಸಣ್ಣ ಸೆನ್ಸರ್ ಇಟ್ಟಿದ್ದರು. ಮಕ್ಕಳು ಬಾಯಲ್ಲಿ ಹೇಳಿದ್ದಲ್ಲ, ನಿಜವಾಗಿ ಎಷ್ಟು ಗಂಟೆ ಹಾಕಿದರು ಅನ್ನುವುದು ಅದರಲ್ಲಿ ಸಿಕ್ಕಿತು. ದಿನಕ್ಕೆ ಸರಾಸರಿ 13 ಗಂಟೆಗೆ ಮೇಲೆ ಹಾಕಿದವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಕ್ಕಳು ಗೆದ್ದರು. ಆರು ಗಂಟೆಯೊಳಗೆ ಹಾಕಿದವರಿಗೂ ಹಾಕದೇ ಇದ್ದವರಿಗೂ ಅಂಥ ವ್ಯತ್ಯಾಸವೇ ಇರಲಿಲ್ಲ. ಅಂದರೆ ಬೀರುವಿನಲ್ಲಿರುವ ಬ್ರೇಸ್‌ಗಿಂತ ದುಬಾರಿ ಬ್ರೇಸ್ ಇನ್ನೊಂದಿಲ್ಲ.

ಆನ್‌ಲೈನ್ ಬೆಲ್ಟನ್ನು ಇವತ್ತೇ ತೆಗೆದಿಡಿ. ಹೆಗಲನ್ನು ಹಿಂದಕ್ಕೆ ಎಳೆಯುವ ಆ ಬೆಲ್ಟ್ ಆಗಲಿ, ಮೆಡಿಕಲ್ ಶಾಪಿನಲ್ಲಿ ಸ್ಮಾಲ್, ಮೀಡಿಯಂ, ಲಾರ್ಜ್ ಎಂದು ಸಿಗುವ ಟೇಲರ್ ಬ್ರೇಸ್ ಆಗಲಿ ಇದಕ್ಕಲ್ಲ. ನಿಮ್ಮ ಮಗಳಿಗೆ ಬೇಕಾದದ್ದು ಅವಳ ಮೈಗೇ ಅಚ್ಚು ತೆಗೆದೋ ಸ್ಕ್ಯಾನ್ ಮಾಡಿಯೋ ತಯಾರಿಸುವ ಗಟ್ಟಿ ಪ್ಲಾಸ್ಟಿಕ್ ಕವಚ. ಬಾಸ್ಟನ್, ಶೆನೋ ಎಂಬ ಹೆಸರು ಕೇಳಿರುತ್ತೀರಿ. ಬಾಗಿನ ಉಬ್ಬಿರುವ ಕಡೆ ಒಳಗಿನಿಂದ ಪ್ಯಾಡ್ ಒತ್ತುತ್ತದೆ, ಎದುರು ಕಡೆ ಮೈ ಸರಿಯಲು ಜಾಗ ಬಿಟ್ಟಿರುತ್ತಾರೆ. ಎಲ್ಲ ಕಡೆಯೂ ಸಮನಾಗಿ ಬಿಗಿಯುವ ಬ್ರೇಸ್ ಬರೀ ಡಬ್ಬ. ಯಾವ ಕಂಪನಿ ಅನ್ನುವುದಕ್ಕಿಂತ ಮಾಡುವವರ ಕೈ ಮುಖ್ಯ. ಆ ಆರ್ಥೋಟಿಸ್ಟ್‌ಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ, ಮಕ್ಕಳ ಸ್ಕೋಲಿಯೋಸಿಸ್ ಬ್ರೇಸ್ ಮಾಡಿದ ಅನುಭವ ಇದೆಯೇ ಎಂದು ಧೈರ್ಯವಾಗಿ ಕೇಳಿ. ಮಗಳು ಬೆಳೆದ ಹಾಗೆ ಒಂದು, ಒಂದೂವರೆ ವರ್ಷಕ್ಕೆ ಹೊಸದು ಬೇಕಾಗಬಹುದು. ಖರ್ಚಿನ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿಕೊಳ್ಳಿ, ಆಮೇಲಿನ ರಿಪೇರಿ ಅದರಲ್ಲೇ ಬರುತ್ತದಾ ಎಂದೂ ಕೇಳಿಕೊಳ್ಳಿ.

ಹಾಕಿದ ಕೆಲವು ವಾರಗಳಲ್ಲಿ ಬ್ರೇಸ್ ಹಾಕಿಕೊಂಡೇ ನಿಂತು ಒಂದು ಎಕ್ಸ್‌ರೇ ತೆಗೆಸಬೇಕು. ಇದನ್ನು ಬಿಡಲೇಬೇಡಿ. ಬ್ರೇಸ್ ಒಳಗೆ ಬಾಗು ಅರ್ಧದಷ್ಟಾದರೂ ಇಳಿಯಬೇಕು ಅನ್ನುವುದು ನಮ್ಮ ಗುರಿ. 28 ಇದ್ದದ್ದು 14ರ ಹತ್ತಿರ ಬಂದರೆ ಖುಷಿ. 26 ಬಂದರೆ ತಪ್ಪು ಮಗುವಿನದಲ್ಲ, ಬ್ರೇಸಿನದು. ಪ್ಯಾಡ್ ಬದಲಿಸಬೇಕು, ಇಲ್ಲ ಹೊಸದಾಗಿ ಮಾಡಬೇಕು.

ಫಿಟ್ಟಿಂಗ್ ದಿನ ಅವಳನ್ನು ಕುರ್ಚಿಯಲ್ಲೂ ನೆಲದಲ್ಲೂ ಕೂರಿಸಿ ನೋಡಿ. ಮುಂದಿನ ಕೆಳ ಅಂಚು ತೊಡೆಗೆ ಚುಚ್ಚಿದರೆ, ಕಂಕುಳ ಹತ್ತಿರ ಒತ್ತಿದರೆ ಅಲ್ಲೇ ಕತ್ತರಿಸಿ, ಉಜ್ಜಿ ಕೊಡುತ್ತಾರೆ. ವೆಲ್ಕ್ರೋ ಪಟ್ಟಿ ಎಲ್ಲಿಯವರೆಗೆ ಎಳೆಯಬೇಕೋ ಅಲ್ಲಿ ಪೆನ್ನಿನಲ್ಲಿ ಗೆರೆ ಹಾಕಿಸಿಕೊಳ್ಳಿ. ಮನೆಗೆ ಬಂದ ಮೇಲೆ "ಸಾಕಮ್ಮಾ, ಸಾಕು" ಎಂದು ಸಡಿಲ ಮಾಡಿಸಿಕೊಳ್ಳುತ್ತಾಳೆ, ನೋಡುತ್ತಿರಿ. ಸಡಿಲ ಬ್ರೇಸ್ ಬೆನ್ನನ್ನೂ ಹಿಡಿಯುವುದಿಲ್ಲ, ಚರ್ಮವನ್ನೂ ಉಜ್ಜಿ ಗಾಯ ಮಾಡುತ್ತದೆ. ಪ್ಯಾಡ್ ಒತ್ತುವ ಕಡೆ ಚರ್ಮ ಕೆಂಪಾಗುವುದು ಸಹಜ. ತೆಗೆದ ಅರ್ಧ ಗಂಟೆಯಲ್ಲಿ ಆ ಕೆಂಪು ಹೋಗಬೇಕು. ಹೋಗದಿದ್ದರೆ, ಗುಳ್ಳೆ ಎದ್ದರೆ, ಆರ್ಥೋಟಿಸ್ಟ್ ಹತ್ತಿರ ಹೋಗಿ. ಒಳಗೆ ಹೊಲಿಗೆಯಿಲ್ಲದ, ಮೈಗೆ ಅಂಟುವ ಕಾಟನ್ ಬನಿಯನ್ ಇರಲಿ. ಒಂದು ಸುಕ್ಕೂ ಇರಬಾರದು. ಎಣ್ಣೆ, ಕ್ರೀಮ್ ಬೇಡ, ಚರ್ಮ ಮೆತ್ತಗಾಗುತ್ತದೆ. ನಿಮ್ಮ ಕಡೆಯ ಏಪ್ರಿಲ್ ಸೆಕೆಯಲ್ಲಿ ದಿನಕ್ಕೆ ಎರಡು ಮೂರು ಸಲ ಬನಿಯನ್ ಬದಲಿಸಬೇಕಾದೀತು. ಮೊದಲ ದಿನವೇ 18 ಗಂಟೆ ಹಾಕಿಸಬೇಡಿ. ಎರಡು ಗಂಟೆಯಿಂದ ಶುರುಮಾಡಿ, ಒಂದೆರಡು ವಾರದಲ್ಲಿ ಏರಿಸಿ. ಒಂದೇ ಸಲಕ್ಕೆ ಹೊಟ್ಟೆ ಬಿರಿಯುವಷ್ಟು ಉಣ್ಣಲು ಆಗುವುದಿಲ್ಲ. ಸ್ವಲ್ಪ ಸ್ವಲ್ಪ, ಹೆಚ್ಚು ಸಲ ಕೊಡಿ.

ಯಾರೂ ಹೇಳದ ಒಂದು ವಿಷಯ ಸ್ಕೂಲ್ ಟಾಯ್ಲೆಟ್. ಬ್ರೇಸ್ ಹಾಕಿಕೊಂಡು ಕುಕ್ಕರಗಾಲಲ್ಲಿ ಕೂರುವುದು ಕಷ್ಟ. ಆ ರಗಳೆಯೇ ಬೇಡ ಎಂದು ಹುಡುಗಿಯರು ಸಂಜೆಯವರೆಗೆ ನೀರೇ ಕುಡಿಯುವುದಿಲ್ಲ. ಬ್ರೇಸನ್ನು ಒಬ್ಬಳೇ ತೆಗೆದು ಹಾಕಿಕೊಳ್ಳುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿಸಿ. ಕ್ಲಾಸ್ ಟೀಚರ್ ಹತ್ತಿರ ನೀವೇ ಹೋಗಿ ಮಾತಾಡಿ.

ಇನ್ನು ಅವಳ ಅಳು. ಅದನ್ನು ಹಠ ಎಂದುಕೊಳ್ಳಬೇಡಿ. ಹನ್ನೆರಡರ ವಯಸ್ಸಿನಲ್ಲಿ ಎಲ್ಲರ ಹಾಗೆ ಕಾಣಬೇಕು ಅನ್ನುವುದೇ ದೊಡ್ಡ ಆಸೆ. ಬ್ರೇಸ್ ಹಾಕಿಕೊಳ್ಳುವವಳು ಅವಳು, ಹಾಗಾಗಿ ಮಾತುಕತೆಯಲ್ಲಿ ಅವಳೂ ಇರಬೇಕು. ಡಾಕ್ಟರ ಮುಂದೆ ನೀವು ಸುಮ್ಮನಿದ್ದು ಅವಳನ್ನೇ ಪ್ರಶ್ನೆ ಕೇಳಲು ಬಿಡಿ. ಎಕ್ಸ್‌ರೇ ಅವಳಿಗೆ ತೋರಿಸಿ. ಬ್ರೇಸಿನ ಬಣ್ಣ, ಚಿತ್ರ ಅವಳೇ ಆರಿಸಲಿ. ಯೂನಿಫಾರ್ಮ್ ಒಂದು ಸೈಜ್ ದೊಡ್ಡದು ಹೊಲಿಸಿದರೆ ಮೇಲಕ್ಕೆ ಅಷ್ಟಾಗಿ ಗೊತ್ತಾಗುವುದಿಲ್ಲ. ಒಬ್ಬ ಗೆಳತಿಗೆ ಹೇಳಿಕೊಂಡರೆ ಅರ್ಧ ಭಾರ ಇಳಿಯುತ್ತದೆ. ಉಸೇನ್ ಬೋಲ್ಟ್‌ಗೂ ಸ್ಕೋಲಿಯೋಸಿಸ್ ಇದೆ ಎಂದು ಹೇಳಿ. ಮಕ್ಕಳು ನಂಬುವುದಿಲ್ಲ, ಆಮೇಲೆ ತಾವೇ ಹುಡುಕಿ ನೋಡುತ್ತಾರೆ.

ಸ್ಕೂಲಿಗೆ ಹಾಕಿಕೊಂಡು ಹೋಗಲ್ಲ ಅಂದೇ ಅಂದರೆ? ಆಗ ಗಡಿಯಾರ ತೋರಿಸಿ ಚೌಕಾಸಿ ಮಾಡುತ್ತೇನೆ. ಸಂಜೆ ಐದಕ್ಕೆ ಹಾಕಿ ಬೆಳಿಗ್ಗೆ ಏಳಕ್ಕೆ ತೆಗೆದರೆ 14 ಗಂಟೆ ಆಯಿತು. ಭಾನುವಾರ ಇನ್ನೂ ಜಾಸ್ತಿ. ನಿಮ್ಮ ಮಗಳಿಗೆ ಬೆಳೆಯುವುದು ಇನ್ನೂ ಬಹಳ ಇರುವುದರಿಂದ 18 ಗಂಟೆಯೇ ಒಳ್ಳೆಯದು. 13 ಅನ್ನುವುದು ಗುರಿಯಲ್ಲ, ಅದಕ್ಕಿಂತ ಕೆಳಗಿಳಿಯಬಾರದು ಅನ್ನುವ ಗೆರೆ. ಆದರೂ ದಿನಾ ಜಗಳವಾಡಿ ಮೂರೇ ತಿಂಗಳಿಗೆ ಬ್ರೇಸ್ ಮೂಲೆ ಸೇರುವುದಕ್ಕಿಂತ, ಒಪ್ಪಿಕೊಂಡು ಹಾಕುವ 14 ಗಂಟೆ ಎಷ್ಟೋ ಮೇಲು.

ಭರತನಾಟ್ಯ ಬಿಡಿಸಬೇಡಿ. ಕ್ಲಾಸಿನ ಹೊತ್ತಿಗೆ ಬ್ರೇಸ್ ತೆಗೆದಿಟ್ಟು ಕುಣಿಯಲಿ. 18 ಗಂಟೆ ಅಂದರೂ ದಿನದಲ್ಲಿ ಆರು ಗಂಟೆ ಉಳಿಯುತ್ತದಲ್ಲ. ಗಟ್ಟಿ ಕವಚದೊಳಗೆ ಬೆನ್ನಿನ ಮಾಂಸಖಂಡ ಸೋಲದಿರಲು ಆಟ, ಓಟ, ನೃತ್ಯ ಬೇಕೇ ಬೇಕು. ಯೋಗವೂ ಹಾಗೇ, ಜೊತೆಗೆ ಮಾಡಲಿ. ಸ್ಕೋಲಿಯೋಸಿಸ್‌ಗೆಂದೇ ರೂಪಿಸಿದ ಶ್ರೋತ್ ವ್ಯಾಯಾಮಗಳಿವೆ. ಜರ್ಮನಿಯಲ್ಲಿ ಶುರುವಾದವು. ಕಲಿತ ಫಿಸಿಯೋ ಸಿಕ್ಕರೆ ಅವರಿಂದ ಮಾಡಿಸಿ. ಆದರೆ ನಿಮ್ಮ ಮಗಳ ಹಂತದಲ್ಲಿ ಬ್ರೇಸ್ ಬಿಟ್ಟು ವ್ಯಾಯಾಮ ಮಾತ್ರ ನೆಚ್ಚಿಕೊಳ್ಳುವಷ್ಟು ಪುರಾವೆ ಇಲ್ಲ. ಆಸನದಿಂದ ಬಾಗು ನೆಟ್ಟಗಾಗುತ್ತದೆ ಎಂದು ಯಾರಾದರೂ ಹೇಳಿದರೆ ಮೊದಲಿನ, ನಂತರದ ಎಕ್ಸ್‌ರೇ ಕೇಳಿ. ಫೋಟೋ ಅಲ್ಲ, ಎಕ್ಸ್‌ರೇ.

ಬ್ರೇಸ್ ಸೋತರೆ ಏನು ಅನ್ನುವ ಭಯ ನಿಮ್ಮ ಪತ್ರದಲ್ಲಿ ಬರೆಯದೆ ಬಿಟ್ಟ ಪ್ರಶ್ನೆ. ಬಾಗು 45, 50 ದಾಟಿದರೆ ಆಪರೇಷನ್ ಬಗ್ಗೆ ಮಾತಾಡುತ್ತೇವೆ. ಏಕೆಂದರೆ ಅಷ್ಟು ದೊಡ್ಡ ಬಾಗು ಬೆಳವಣಿಗೆ ನಿಂತ ಮೇಲೂ ವರ್ಷಕ್ಕೆ ಸುಮಾರು ಒಂದು ಡಿಗ್ರಿ ಹೆಚ್ಚುತ್ತಾ ಹೋಗಬಹುದು. 30ರೊಳಗೆ ನಿಂತದ್ದು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಆಪರೇಷನ್‌ನಲ್ಲಿ ಸ್ಕ್ರೂ, ರಾಡ್ ಹಾಕಿ ಬಾಗಿನ ಭಾಗದ ಮೂಳೆಗಳನ್ನು ಒಂದಾಗಿ ಬೆಸೆಯುತ್ತಾರೆ. ಬೆನ್ನು ಬಹಳಷ್ಟು ನೇರವಾಗುತ್ತದೆ, ಬೆಸೆದ ಭಾಗ ಮತ್ತೆ ಬಗ್ಗುವುದಿಲ್ಲ. ನರಕ್ಕೆ ಪೆಟ್ಟಾಗುವ ಅಪಾಯ ಅನುಭವಿ ಕೈಗಳಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ, ಆದರೆ ಸೊನ್ನೆಯಲ್ಲ. ಸೋಂಕು, ಮತ್ತೆ ಆಪರೇಷನ್ ಬೇಕಾಗುವ ಸಾಧ್ಯತೆಯೂ ಇದೆ. ಬ್ರೇಸಿನ ಮೂರು ವರ್ಷದ ಕಿರಿಕಿರಿಯನ್ನು ಇದರ ಪಕ್ಕದಲ್ಲಿಟ್ಟು ತೂಗಿ.

ಮದುವೆ, ಹೆರಿಗೆಗೆ ಈ ಬಾಗು ಅಡ್ಡಿಯಲ್ಲ. ಇಂಥ ಬಾಗಿರುವ ಹೆಂಗಸರು ಎಲ್ಲರಂತೆ ಹೆರುತ್ತಾರೆ. ಬೆನ್ನಿಗೆ ಇಂಜೆಕ್ಷನ್ ಕೊಡುವಾಗ ಅರಿವಳಿಕೆ ಡಾಕ್ಟರಿಗೆ ಮೊದಲೇ ತಿಳಿಸಿದರೆ ಆಯಿತು. ಎಕ್ಸ್‌ರೇ ಬಗ್ಗೆ ನಿಮ್ಮ ಆತಂಕ ನ್ಯಾಯವಾದದ್ದೇ, ಆದರೆ ಬಾಗಿನ ಅಳತೆಗೆ ಬೇರೆ ದಾರಿಯಿಲ್ಲ. ಸುಮಾರು ಆರು ತಿಂಗಳಿಗೊಂದು ಸಾಕು, ಅದೂ ನಿಂತು. ಬೆನ್ನಿನ ಕಡೆಯಿಂದ ಕಿರಣ ಬಿಟ್ಟು ತೆಗೆಯಿರಿ ಎಂದು ಕೇಳಿ. ಎದೆಯ ಭಾಗಕ್ಕೆ ಬೀಳುವ ವಿಕಿರಣ ಬಹಳ ಕಡಿಮೆಯಾಗುತ್ತದೆ. ನಡುವಿನ ತಿಂಗಳುಗಳಲ್ಲಿ ಗೋಡೆ ಮೇಲೆ ಅವಳ ಎತ್ತರ ಗುರುತು ಹಾಕುತ್ತಿರಿ, ಮುಟ್ಟಾದ ದಿನ ಬರೆದಿಡಿ. ಮುಟ್ಟಾಗಿ ಎರಡು ವರ್ಷ ಕಳೆದು, ಆರು ತಿಂಗಳಿಂದ ಎತ್ತರ ಹೆಚ್ಚದೆ, ರಿಸ್ಸರ್ 4ಕ್ಕೆ ಬಂದಿದ್ದರೆ ಬ್ರೇಸ್ ಬಿಡಿಸುವ ಮಾತು ಶುರುಮಾಡಬಹುದು.

ನಿಮ್ಮ ಎರಡನೇ ಮಗಳಿಗೆ ಸಾಧ್ಯತೆ ಬೇರೆ ಮಕ್ಕಳಿಗಿಂತ ಸ್ವಲ್ಪ ಜಾಸ್ತಿ, ಆದರೂ ಹೆಚ್ಚಿನ ತಂಗಿಯರಿಗೆ ಬರುವುದಿಲ್ಲ. ಅವಳಿಗೆ ಈಗ ಎಕ್ಸ್‌ರೇ ಬೇಡ. ಆರು ತಿಂಗಳಿಗೊಮ್ಮೆ ಬೆಳಕಿರುವ ಕಡೆ ಬೆನ್ನು ಕಾಣುವಂತೆ ನಿಲ್ಲಿಸಿ. ಕಾಲು ಜೋಡಿಸಿ, ಮಂಡಿ ಮಡಚದೆ, ಎರಡು ಅಂಗೈ ಸೇರಿಸಿ ನಿಧಾನವಾಗಿ ಮುಂದಕ್ಕೆ ಬಗ್ಗಲಿ. ನೀವು ಹಿಂದೆ ಕೂತು ಕಣ್ಣನ್ನು ಬೆನ್ನಿನ ಮಟ್ಟಕ್ಕೆ ತಂದು ನೋಡಿ. ಒಂದು ಕಡೆ ಉಬ್ಬಿ ಕಂಡರೆ ಮಾತ್ರ ಕರೆದುಕೊಂಡು ಬನ್ನಿ.